ಅಪ್ಪನಿಗೆ ಕಟ್ಟಿದ ನಾಲ್ಕು ತೆಂಗಿನಕಾಯಿ

ನಾನು ಚಿಕ್ಕವನಿದ್ದಾಗ ನನ್ನದೇ ಅಂತ ಎರಡು ತೆಂಗಿನಕಾಯಿ ಇದ್ದವು. ನಗಬೇಡಿ ಮಕ್ಕಳೇ! ನಿಮಗೆ ಸೈಕಲ್ಲು, ಸ್ಕೇಟಿಂಗ್ ಬೂಟು, ನೀರೊಳಗೆ ಕಣ್ಣು ಬಿಟ್ಟು ನೋಡುವ ಕನ್ನಡಕ ಎಲ್ಲ ಇರುವ ಹಾಗೆ ನನಗೆ ಆ ಎರಡು ಕಾಯಿ. ಸಿಪ್ಪೆ ಸುಲಿಯದೆ, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದೇ ಬಾರದಷ್ಟು ಒಣಗಿಸಿದವು. ಎರಡನ್ನೂ ನಾರಿನ ಹಗ್ಗದಲ್ಲಿ ಜೋಡಿಸಿ, ಹಗ್ಗ ಎದೆಯ ಕೆಳಗೆ ಬರುವ ಹಾಗೆ ನೀರಿನ ಮೇಲೆ ಮಲಗಬೇಕು. ಆಗ ಕಂಕುಳಿನ ಆಚೆ ಒಂದು, ಈಚೆ ಒಂದು ಕಾಯಿ ತೇಲುತ್ತ ನಮ್ಮನ್ನೂ ತೇಲಿಸುತ್ತವೆ. ಈಜಿ ಬಂದ ಮೇಲೆ ಅವನ್ನು ಜಗಲಿಯ ಬಿಸಿಲಿಗೆ ಇಡುತ್ತಿದ್ದೆ. ಅಕ್ಕ ಮುಟ್ಟಿದರೆ ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದೆ.

ಆಗ ನಾವು ತಿರುವನಂತಪುರದ ಉಳ್ಳೂರಿನಲ್ಲಿದ್ದೆವು. ಅಪ್ಪನಿಗೆ ಅಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತರ ಕೆಲಸ. ಅಪ್ಪ ಕಾಸರಗೋಡಿನವರು, ಅಮ್ಮ ಮೈಸೂರಿನವಳು. ಹಾಗಾಗಿ ಮನೆಯೊಳಗೆ ಎರಡು ಥರದ ಕನ್ನಡ, ಗೇಟು ದಾಟಿದರೆ ಮಲಯಾಳಂ. ಮನೆಯ ಹಿಂದಿನ ಓಣಿ ಇಳಿದರೆ ಕೆಂಪು ಮುರಕಲ್ಲಿನ ಮೆಟ್ಟಿಲುಗಳಿದ್ದ ಕೆರೆ. ಅದರ ಒಂದು ಮೂಲೆಯಲ್ಲಿ ತಟ್ಟಿ ಹೆಣೆಯಲು ತೆಂಗಿನ ಮಡಲುಗಳನ್ನು ನೆನೆಹಾಕುತ್ತಿದ್ದರು. ಆ ಕೊಳೆತ ವಾಸನೆ ನಮ್ಮ ಕೂದಲಿಗೂ ಹತ್ತಿಕೊಂಡು ಶಾಲೆಯ ತನಕ ಬರುತ್ತಿತ್ತು. ನೀರಿನಲ್ಲಿ ಕಾಲಿಟ್ಟು ಕೂತರೆ ಸಣ್ಣ ಮೀನುಗಳು ಬೆರಳು ಕಚ್ಚಿ ಕಚಗುಳಿ ಇಡುತ್ತಿದ್ದವು.

ಕೆರೆ ಪಕ್ಕದ ಮನೆಯ ಅಜ್ಜಿಯದು. ಅಲ್ಲಿ ಅಜ್ಜಿಗೆ ಅಮ್ಮೂಮ್ಮ ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತಿದ್ದೆವು. ಕಾಯಿ ಕೊಟ್ಟು, ಹಗ್ಗ ಕಟ್ಟಿಕೊಟ್ಟವರೂ ಅವರೇ. ಮೊದಲ ದಿನ ನಾನು ಮೂರನೇ ಮೆಟ್ಟಿಲಲ್ಲಿ ನಿಂತು ಗಡಗಡ ನಡುಗುತ್ತಿದ್ದಾಗ ಅವರು ಬಟ್ಟೆ ಒಗೆಯುವುದನ್ನು ನಿಲ್ಲಿಸಿ, "ಪೇಡಿಕ್ಕಂಡ ಮೋನೇ" ಎಂದಿದ್ದರು. ಹೆದರಬೇಡ ಮಗನೇ ಎಂದರ್ಥ. ಆಮೇಲೆ ನನ್ನ ಬೆನ್ನಿಗೆ ಸಣ್ಣದಾಗಿ ಒಂದು ತಳ್ಳು ಕೊಟ್ಟರು.

ಈಜು ಕಲಿಯುವುದಕ್ಕೆ ನನಗೆ ಅಷ್ಟು ಆತುರ ಯಾಕೆ ಗೊತ್ತೇ? ಬೇಸಿಗೆ ರಜೆಯಲ್ಲಿ ಕಾಸರಗೋಡಿಗೆ ಹೋಗುವ ದಾರಿಯಲ್ಲಿ ಒಂದು ದಿನ ಕೊಚ್ಚಿಯಲ್ಲಿ ಇಳಿದು, ಎಲ್ಲರೂ ದೋಣಿಯಲ್ಲಿ ಹೋಗೋಣ ಎಂದು ಅಪ್ಪ ಹೇಳಿದ್ದರು. ಸುಮ್ಮನೆ ದೋಣಿಯಲ್ಲ, ಇಂಜಿನ್ ಇರುವ ದೊಡ್ಡ ದೋಣಿ! ಹಡಗುಗಳ ಪಕ್ಕದಲ್ಲೇ ಹೋಗುವಂಥದ್ದು! ನನಗೆ ಅನ್ನ ಸೇರದಾಯಿತು. ಆದರೆ ಅಮ್ಮನಿಗೆ ನೀರೆಂದರೆ ಜೀವಭಯ. ಅವಳು ಒಂದೇ ಮಾತು ಹೇಳಿದಳು.

"ಈಜು ಬಾರದೋರು ಯಾರೂ ದೋಣಿ ಹತ್ತೋ ಹಾಗಿಲ್ಲ. ನಂಗೆ ಬರಲ್ಲ, ನಾನು ದಡದಲ್ಲೇ ಕೂತಿರ್ತೀನಿ. ಮಿಕ್ಕೋರು ಈ ಕೆರೆ ಆಚೆ ದಡಕ್ಕೆ ಹೋಗಿ ಮುಟ್ಟಿ ತೋರಿಸಿ. ಆಮೇಲೆ ದೋಣಿ."

ಅಮ್ಮ ಒಮ್ಮೆ ಹೇಳಿದರೆ ಮುಗಿಯಿತು. ನನಗೆ ಆಗ ಏಳು ವರ್ಷ, ಅಕ್ಕನಿಗೆ ಹತ್ತು. ನಮಗೆ ಕಲಿಸುವವರು ಅಪ್ಪ. ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಪಂಚೆ ಎತ್ತಿ ಕಟ್ಟಿಕೊಂಡು, ಮೇಲಿನ ಮೆಟ್ಟಿಲಲ್ಲಿ ನಿಂತು, "ಕಾಲು ಬಡಿ! ಕೈ ಚಾಚು! ಬಾಯಿ ಮುಚ್ಚು!" ಎಂದು ಕೂಗುತ್ತಿದ್ದರು. ನಾನು ಬಾಯಿ ತೆರೆದೇ ಈಜುತ್ತಿದ್ದುದರಿಂದ ಮೂರನೆಯ ಮಾತು ಹೆಚ್ಚಾಗಿ ನನಗೇ. ಅರ್ಧ ಕೆರೆ ನನ್ನ ಹೊಟ್ಟೆಯಲ್ಲಿರುತ್ತಿತ್ತು. ಅಕ್ಕ ಹತ್ತೇ ದಿನದಲ್ಲಿ ಕಾಯಿ ಬಿಟ್ಟು ಈಜಿ, ತನ್ನ ಕಾಯಿಗಳನ್ನು ಅಡುಗೆಮನೆಯ ಹಿಂದೆ ಎಸೆದಳು. ನಾನು ಮಾತ್ರ ನನ್ನವನ್ನು ಅಪ್ಪಿಕೊಂಡೇ ಇದ್ದೆ. ಹೊರಡುವುದಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಅವು ಇಲ್ಲದೆ ಮೊದಲ ಸಲ ತೇಲಿದೆ.

ಕೊನೆಗೂ ಆ ದಿನ ಬಂತು. ಮರುದಿನ ಬೆಳಿಗ್ಗೆ ರೈಲು. ಅಪ್ಪ ರಜೆ ಹಾಕಿದ್ದರು, ಟ್ರಂಕು ಕಟ್ಟಿ ಆಗಿತ್ತು. ಅಮ್ಮ ಎರಡು ಟವೆಲು ಹಿಡಿದುಕೊಂಡು, ಪರೀಕ್ಷೆ ತೆಗೆದುಕೊಳ್ಳುವ ಟೀಚರ ಮುಖ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತಳು. ನೀರು ಬಿಸಿಲಿಗೆ ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ ಇತ್ತು. ಅಕ್ಕ ಪುಳಕ್ಕೆಂದು ಮುಳುಗಿ, ಮೂರು ಉಸಿರಿನಲ್ಲಿ ಆಚೆ ದಡ ಮುಟ್ಟಿ ಹಿಂದಿರುಗಿ ನೋಡಿದಳು. ಆಮೇಲೆ ನಾನು.

ಮಧ್ಯದ ತನಕ ಎಲ್ಲ ಸರಿ ಇತ್ತು. ಅಲ್ಲಿ ಕೆಳಗೆ ನೋಡಿಬಿಟ್ಟೆ. ನೀರು ಕಪ್ಪಾಗಿತ್ತು, ತಳ ಕಾಣಲಿಲ್ಲ. ಕೈ ಕಾಲು ಆಡಿಸುವುದೇ ಮರೆತುಹೋಯಿತು. ಆಗ ಹಿಂದಿನಿಂದ ಅಪ್ಪನ ದನಿ ಕೇಳಿತು, "ಕಾಲು ಬಡಿ ಮಾರಾಯ, ಕಾಲು!" ಬಡಿದೆ. ಎಷ್ಟು ಬಡಿದೆನೆಂದರೆ ಮಡಲು ನೆನೆಹಾಕಿದ ಮೂಲೆಯ ಕಪ್ಪೆಗಳೆಲ್ಲ ದಡ ಹತ್ತಿದವು. ಕಲ್ಲು ಕೈಗೆ ತಗಲಿದಾಗ ನಂಬಲಾಗಲಿಲ್ಲ. ನಾನು ಗೆದ್ದಿದ್ದೆ! ದೋಣಿ ನನ್ನದು! ಅಕ್ಕನನ್ನು ತಬ್ಬಿಕೊಂಡು ಕುಣಿದು, ಪಾಚಿಯ ಮೇಲೆ ಜಾರಿ ಮತ್ತೆ ನೀರಿಗೇ ಬಿದ್ದೆ.

ಇಬ್ಬರೂ ಈಜಿ ಮರಳಿ ಬಂದೆವು. ಅಮ್ಮ ನಮ್ಮ ತಲೆ ಒರೆಸುತ್ತ, "ಇಬ್ಬರೂ ಪಾಸು" ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಈಗ ನೀವು ಕಣ್ರೀ" ಎಂದಳು.

ಅಪ್ಪ ನಕ್ಕರು. "ನಾನು ಎಂಥಕ್ಕೆ? ನಾನು ಕಾಸರಗೋಡಿನವ ಅಲ್ವಾ? ಮನೆಯಿಂದ ಕೂಗಿದರೆ ಕಡಲಿಗೆ ಕೇಳ್ತದೆ."

"ಕಡಲಿಗೆ ಕೇಳಿದ್ರೆ ಕೇಳ್ಕೊಳ್ಲಿ. ನಂಗೆ ಕಾಣ್ಬೇಕು. ಒಂದ್ಸಲ ಹೋಗ್ಬನ್ನಿ."

"ನನಗೆ ಸ್ವಲ್ಪ ಶೀತ ಉಂಟು," ಎಂದರು ಅಪ್ಪ. ಆಮೇಲೆ ಪಂಚೆ ಒಗೆದದ್ದು ಎಂದರು.

ಅಕ್ಕ ನನ್ನನ್ನು ಚಿವುಟಿ, ಅಪ್ಪನ ಕಾಲಿನ ಕಡೆ ಕಣ್ಣು ಮಾಡಿದಳು. ಅಷ್ಟು ದಿನ ನಮಗೆ ಈಜು ಕಲಿಸಿದ ಅಪ್ಪನ ಪಂಚೆ ಒಂದು ದಿನವೂ ಮೊಣಕಾಲಿನ ಮೇಲೆ ಒದ್ದೆಯಾಗಿರಲಿಲ್ಲ! ಅಕ್ಕನಿಗೆ ಮೊದಲೇ ಗೊತ್ತಿತ್ತಂತೆ. ನನಗೆ ಹೊಳೆದೇ ಇರಲಿಲ್ಲ. ಕಡಲ ತಡಿಯ ಊರಿನವರಿಗೆ ಈಜು ಬರುತ್ತದೆಯೇ ಎಂದು ಯಾರಾದರೂ ಕೇಳುತ್ತಾರೆಯೇ? ಅಮ್ಮನೂ ಮದುವೆಯಾದಂದಿನಿಂದ ಕೇಳಿರಲಿಲ್ಲ.

ಅಪ್ಪ ನಿಧಾನವಾಗಿ ಮೆಟ್ಟಿಲ ಮೇಲೆ ಕೂತರು. "ನನಗೆ ಬರುದಿಲ್ಲ," ಎಂದರು. "ಕಡಲಿಗೆ ಇಳಿದರೆ ನನ್ನಮ್ಮ ಹೊಡೀತಿದ್ರು. ಬೇರೆ ಮಕ್ಕಳು ಈಜುವಾಗ ನಾನು ದಡದಲ್ಲಿ ಕೂತು ಅವರ ಅಂಗಿ ಕಾಯ್ತಾ ಇದ್ದೆ. ನೋಡಿ ನೋಡಿ ಬಾಯಿಗೆ ಬಂತು, ಕೈಕಾಲಿಗೆ ಬರ್ಲಿಲ್ಲ."

ನಿಜ ಹೇಳುತ್ತೇನೆ, ನನಗೆ ಅಪ್ಪನನ್ನು ನೋಡಿ ಪಾಪ ಅನಿಸಲಿಲ್ಲ. ಸಿಟ್ಟು ಬಂತು. ಅಪ್ಪ ದೋಣಿ ಹತ್ತದಿದ್ದರೆ ನಮ್ಮನ್ನು ಯಾರು ಕರೆದುಕೊಂಡು ಹೋಗುತ್ತಾರೆ? ಅಷ್ಟು ನೀರು ಕುಡಿದದ್ದೆಲ್ಲ ದಂಡ! ಆದರೆ ಅಪ್ಪ ಒದ್ದೆಯಾಗದ ಪಂಚೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ತಲೆ ತಗ್ಗಿಸಿ ಕೂತಿದ್ದರು. ಶಾಲೆಯಲ್ಲಿ ಮಗ್ಗಿ ಬಾರದೆ ನಿಂತಾಗ ನಾನೂ ಹಾಗೇ ಚಡ್ಡಿಯ ಅಂಚು ಸುತ್ತುತ್ತಿದ್ದೆ. ಆಗ ಪಾಪ ಅನಿಸಿತು. ಯಾರಿಗೂ ಹೇಳದೆ ಮನೆಗೆ ಓಡಿದೆ.

ಜಗಲಿಯಿಂದ ನನ್ನ ಕಾಯಿಗಳನ್ನು ಎತ್ತಿಕೊಂಡೆ. ಅಪ್ಪ ದೊಡ್ಡವರು, ಎರಡು ಸಾಲದು ಎಂದು ಅಡುಗೆಮನೆಯ ಹಿಂದೆ ಹುಡುಕಿ ಅಕ್ಕನ ಎರಡನ್ನೂ ತೆಗೆದೆ. ನಾಲ್ಕು ಕಾಯಿಗಳನ್ನು ದರದರ ಎಳೆದುಕೊಂಡು ಬಂದು ಅಪ್ಪನ ಮುಂದೆ ಹಾಕಿ, "ಅಪ್ಪಾ, ಇದು ಕಟ್ಟಿಕೊಳ್ಳಿ" ಎಂದೆ.

ಗಲಾಟೆ ಕೇಳಿ ಬಂದ ಅಮ್ಮೂಮ್ಮ ಒಂದು ಕ್ಷಣದಲ್ಲಿ ಎಲ್ಲ ಅರ್ಥ ಮಾಡಿಕೊಂಡರು. ಯಾವಾಗಲೂ ಅಪ್ಪನನ್ನು ಸಾರ್ ಎಂದು ಕರೆಯುತ್ತಿದ್ದವರು ಆ ದಿನ ಅವರ ಹೆಗಲು ಮುಟ್ಟಿ, "ಪೇಡಿಕ್ಕಂಡ ಮೋನೇ" ಎಂದರು. ಅಪ್ಪ ಅಂಗಿ ಬಿಚ್ಚಿದರು. ಅಮ್ಮೂಮ್ಮ ಎಡಕ್ಕೆ ಎರಡು, ಬಲಕ್ಕೆ ಎರಡು ಕಾಯಿ ಬರುವ ಹಾಗೆ ಹಗ್ಗ ಬಿಗಿದರು.

ಅಪ್ಪ ನೀರಿಗೆ ಇಳಿದ ಸದ್ದು ಇಡೀ ಓಣಿಗೆ ಕೇಳಿರಬೇಕು! ಅಕ್ಕ ಮುಂದೆ ಈಜುತ್ತಿದ್ದಳು, ನಾನು ಪಕ್ಕದಲ್ಲಿ. ಅಪ್ಪ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು, ಬಾಯಿ ಪೂರ್ತಿ ತೆರೆದಿತ್ತು. ನನಗೆ ಮರ್ಯಾದೆ ಎಲ್ಲ ಮರೆತುಹೋಗಿ, "ಕಾಲು ಬಡಿ! ಕೈ ಚಾಚು! ಬಾಯಿ ಮುಚ್ಚು!" ಎಂದು ಅವರ ಮಾತನ್ನು ಅವರಿಗೇ ಕೂಗಿದೆ. ಅಪ್ಪನಿಗೆ ಏಕವಚನದಲ್ಲಿ ಬೈದ ಹಾಗೆ ಕೂಗುವ ಸುಖ ಎಷ್ಟಿತ್ತು ಅಂತೀರಿ! ದಡದಲ್ಲಿ ಅಮ್ಮ ಅಷ್ಟು ದೇವರ ಹೆಸರನ್ನೂ ಒಟ್ಟಿಗೆ ಹೇಳುತ್ತಿದ್ದಳು. ಅಪ್ಪ ನೇರ ಹೋಗಲಿಲ್ಲ, ಮಡಲಿನ ಮೂಲೆಗೆ ಹೋದರು, ಅಲ್ಲಿಂದ ತಿರುಗಿದರು, ಒಮ್ಮೆ ಗರಗರ ಸುತ್ತಿದರು. ಆದರೂ ನಿಲ್ಲಿಸಲಿಲ್ಲ. ಆಚೆ ದಡದ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಬಿಟ್ಟರು. ಮತ್ತೆ ನಕ್ಕ ನಗು ಇದೆಯಲ್ಲ, ಆ ನಗುವಿನಲ್ಲಿ ಅಪ್ಪನಿಗೆ ನನ್ನಷ್ಟೇ ವಯಸ್ಸು.

"ಮುಟ್ಟಿದ್ರು ಅಮ್ಮಾ, ಮುಟ್ಟಿದ್ರು!" ಎಂದು ಅಕ್ಕ ಕೂಗಿದಳು.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳು ಇನ್ನೂ ಟೀಚರೇ. "ಕಾಯಿ ಕಟ್ಕೊಂಡು ಈಜಿದ್ರೆ ಕಾಯಿ ಕಟ್ಕೊಂಡೇ ದೋಣಿ ಹತ್ಬೇಕು. ಒಪ್ಪಿಗೇನಾ?" ಎಂದಳು. ಆಚೆ ದಡದಿಂದಲೇ ಅಪ್ಪ ಒಪ್ಪಿಗೆ ಎಂದರು. ಆಮೇಲೆ ಅಮ್ಮೂಮ್ಮನ ಮನೆಯ ಹಿತ್ತಿಲಲ್ಲಿ ಕೂತು, ಬೇಯಿಸಿದ ಬಿಸಿ ಮರಗೆಣಸನ್ನು ಹಸಿಮೆಣಸಿನ ಚಟ್ನಿಯಲ್ಲಿ ಅದ್ದಿ ತಿಂದೆವು. ಈಜಿದ ಹಸಿವಿಗೆ ಅದರಷ್ಟು ರುಚಿ ಬೇರೆ ಯಾವುದಕ್ಕೂ ಇಲ್ಲ.

ಅಮ್ಮನ ಮಾತೆಂದರೆ ಮಾತು. ಕೊಚ್ಚಿಯ ದೋಣಿಕಟ್ಟೆಯಲ್ಲಿ ಅಪ್ಪ ಇಸ್ತ್ರಿ ಹಾಕಿದ ಬಿಳಿ ಅಂಗಿಯ ಮೇಲೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು ನಿಂತರು. ಅಮ್ಮ ದಡದಲ್ಲಿ ಕೂರಲು ಜಾಗ ಹುಡುಕುತ್ತಿದ್ದಳು. ಆಗ ಅಕ್ಕ ಚೀಲದಿಂದ ಇನ್ನೆರಡು ಕಾಯಿ ಹೊರಗೆ ತೆಗೆದು, "ಅಮ್ಮಾ, ಇವು ನಿಂಗೆ" ಎಂದಳು. ಅಮ್ಮ ಕಾಯಿ ನೋಡಿದಳು, ನೀರು ನೋಡಿದಳು, ನಮ್ಮ ಮೂವರ ಮುಖ ನೋಡಿದಳು. ಆಮೇಲೆ ರೇಷ್ಮೆ ಸೀರೆಯ ಮೇಲೇ ಕಟ್ಟಿಸಿಕೊಂಡಳು! ದೋಣಿಯಲ್ಲಿ ಟಿಕೆಟು ಕೊಡುವವನು, "ತೇಂಗ ವಿಲ್ಕಾನಾಣೋ ಸಾರ್?" ಎಂದು ಕೇಳಿದ. ಕಾಯಿ ಮಾರುವುದಕ್ಕೋ ಎಂದು. ಅಪ್ಪ ಗಂಭೀರವಾಗಿ, "ಅಲ್ಲ, ನೀಂದಾನ್" ಎಂದರು. ಈಜುವುದಕ್ಕೆ! ಇಡೀ ದೋಣಿ ನಕ್ಕಿತು. ಡೀಸೆಲ್ ವಾಸನೆ, ಉಪ್ಪುಗಾಳಿ, ತಲೆ ಎತ್ತಿದರೂ ತುದಿ ಕಾಣದ ಹಡಗುಗಳು, ದಡದಲ್ಲಿ ಏಳುತ್ತ ಇಳಿಯುತ್ತ ಇದ್ದ ದೊಡ್ಡ ಮೀನುಬಲೆಗಳು. ಅಮ್ಮ ಎರಡೂ ಕಾಯಿಗಳನ್ನು ಅಪ್ಪಿಕೊಂಡು ಎಲ್ಲವನ್ನೂ ನಮಗಿಂತ ಮೊದಲು ತೋರಿಸುತ್ತಿದ್ದಳು.

ಈಗ ನಾನು ಅದೇ ಕೊಚ್ಚಿಯಲ್ಲಿ, ಪಾಲಾರಿವಟ್ಟಂನ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗ ನಾಲ್ಕನೇ ಕ್ಲಾಸು, ಮೊಮ್ಮಗಳು ಒಂದನೇ ಕ್ಲಾಸು. ಬೇಸಿಗೆ ಶಿಬಿರದಲ್ಲಿ ಬೆಳಿಗ್ಗೆ ಬ್ಯಾಡ್ಮಿಂಟನ್, ಆಮೇಲೆ ಕಲೂರಿನ ಹತ್ತಿರದ ಕೊಳದಲ್ಲಿ ಈಜು. ಅಲ್ಲಿ ನೀಲಿ ಟೈಲ್ಸು, ತಳದ ಗೆರೆಗಳೆಲ್ಲ ಕಾಣುವ ನೀರು, ಔಷಧದ ವಾಸನೆ. ಮೀನು ಕಚ್ಚುವುದಿಲ್ಲ, ಕಪ್ಪೆ ಇಲ್ಲ. ಸೀಟಿ ಊದುವ ಕೋಚ್ ಇದ್ದಾರೆ, ತೇಲಲು ಬಣ್ಣದ ಫೋಮಿನ ಹಲಗೆ ಇದೆ. ನಾವು ಕನ್ನಡದಲ್ಲಿ ಕೇಳಿದರೆ ಮಕ್ಕಳು ಮಲಯಾಳದಲ್ಲಿ ಉತ್ತರ ಕೊಡುತ್ತಾರೆ. "ಅಪ್ಪಾ, ವಿಡಿಯೊ ಎಡುತ್ತೋ?" ಎಂದು ನೀರಿನಿಂದಲೇ ಕೂಗುತ್ತಾರೆ, ವಿಡಿಯೊ ತೆಗೆದಿರಾ ಎಂದು. ಅವರ ಅಪ್ಪ, ಅಂದರೆ ನನ್ನ ಅಳಿಯ, ದಡದಲ್ಲಿ ಫೋನು ಹಿಡಿದು ನಿಂತು, "ಕಾಲು, ಕಾಲು! ಮುಖ ಒಳಗೆ!" ಎಂದು ಹೇಳಿಕೊಡುತ್ತಾನೆ. ನಾನು ಮೊದಲ ದಿನವೇ ಅವನ ಪ್ಯಾಂಟು ನೋಡಿದೆ. ಒಂದು ಹನಿಯೂ ಬಿದ್ದಿರಲಿಲ್ಲ.

ಶಿಬಿರದ ಕೊನೆಯ ದಿನ ಅಪ್ಪ ಅಮ್ಮಂದಿರೂ ಮಕ್ಕಳ ಜೊತೆ ನೀರಿಗಿಳಿಯಬೇಕು ಎಂದರು ಕೋಚ್. ಮಗಳು ಇಳಿದಳು. ಅಳಿಯ ಮಾತ್ರ, "ನಂಗೆ ಸ್ವಲ್ಪ ಶೀತ ಮಾವ" ಎಂದ. ಈಜುವ ಚಡ್ಡಿ ಬ್ಯಾಗಿನಲ್ಲಿತ್ತು, ಹೊರಗೆ ಬಂದಿರಲಿಲ್ಲ. ಹಿಂದಿನ ದಿನವಷ್ಟೇ ಮಕ್ಕಳಿಗೆ ನಾಲ್ಕು ಕಾಯಿಗಳ ಕಥೆ ಹೇಳಿದ್ದೆ. ಮೊಮ್ಮಗಳು ನನ್ನನ್ನು ನೋಡಿದಳು, ಅವಳಪ್ಪನನ್ನು ನೋಡಿದಳು. ಮೆಟ್ಟಿಲು ಹತ್ತಿ ಬಂದು ತನ್ನ ಹಳದಿ ಹಲಗೆಯನ್ನು ಅವನ ಕಾಲಬುಡದಲ್ಲಿಟ್ಟು, ಒದ್ದೆ ಕೈಯಿಂದ ಅವನ ಬೆರಳು ಹಿಡಿದು, "ಅಪ್ಪಾ, ಪೇಡಿಕ್ಕಂಡ" ಎಂದಳು.

ಅಳಿಯ ನನ್ನ ಕಡೆ ತಿರುಗಿದ. ನಾನು ಬೇರೆಲ್ಲೋ ನೋಡಿದೆ. ಸ್ವಲ್ಪ ಹೊತ್ತಿಗೆ ಫೋನನ್ನು ನನ್ನ ಕೈಯಲ್ಲಿಟ್ಟು, ಬ್ಯಾಗು ತೆಗೆದುಕೊಂಡು ಬಟ್ಟೆ ಬದಲಿಸಲು ಹೋದ.

ಅವನು ನೀರಿಗಿಳಿದ ವಿಡಿಯೊ ತೆಗೆದದ್ದು ನಾನೇ. ಅದರಲ್ಲಿ ಮುಕ್ಕಾಲು ಪಾಲು ನನ್ನ ಹೆಬ್ಬೆರಳೇ ಬಂದಿದೆ ಎಂದು ಮಗಳು ಇನ್ನೂ ನಗುತ್ತಾಳೆ. ನಗಲಿ. ಸದ್ದು ಚೆನ್ನಾಗಿ ಬಂದಿದೆ, ನನಗೆ ಅಷ್ಟು ಸಾಕು. ದಿನಕ್ಕೊಮ್ಮೆ ಹಾಕಿಸಿಕೊಂಡು ಕೇಳುತ್ತೇನೆ. ಮೊದಲು ದೊಡ್ಡದಾಗಿ ದುಡುಮ್ ಎನ್ನುತ್ತದೆ. ಆಮೇಲೆ ಇಬ್ಬರು ಮಕ್ಕಳು ಗಂಟಲು ಹರಿಯುವ ಹಾಗೆ, ಅಪ್ಪಟ ಕನ್ನಡದಲ್ಲಿ ಕೂಗುತ್ತಿದ್ದಾರೆ: "ಕಾಲು ಬಡಿ! ಕೈ ಚಾಚು! ಬಾಯಿ ಮುಚ್ಚು!"