ಬೀಜಕ್ಕೆ ಬಿಟ್ಟ ಹೀರೇಕಾಯಿ

ಸುರಪುರದ ನಮ್ಮ ಹಿತ್ತಲಿನ ಹಂದರದಲ್ಲಿ, ಸೊಂಟಕ್ಕೆ ಹಸಿರು ಚಿಂದಿ ಕಟ್ಟಿಕೊಂಡು ಒಂದು ಹೀರೇಕಾಯಿ ತೂಗಾಡುತ್ತಿತ್ತು. ಅದು ಬೀಜಕ್ಕೆ ಬಿಟ್ಟ ಕಾಯಿ. ಯಾರೂ ಕೊಯ್ಯಬಾರದೆಂಬುದಕ್ಕೆ ಆ ಚಿಂದಿಯೇ ಗುರುತು. ‘ಯಾರೂ’ ಎಂದರೆ ನಾನೇ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹೀರೇಕಾಯಿ ಕಂಡರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ.

ಈ ಸಲ ದಸರೆಯ ಹೊತ್ತಿಗೂ ಮಳೆ ಹಿಡಿದುಕೊಂಡು, ಮಿಕ್ಕ ಕಾಯಿಗಳೆಲ್ಲ ಕೊಳೆತು, ಉಳಿದದ್ದು ಅದೊಂದೇ. ಅದರ ಮೂಲ ಬೋನಾಳದಲ್ಲಿ, ನನ್ನ ಹೆಂಡತಿ ಶಾಂತೆಯ ತವರಿನ ಹಿತ್ತಲಲ್ಲಿ. ಬೀಜ ಕೊಡುತ್ತಿದ್ದ ಅವಳ ತಾಯಿ ಬೇಸಿಗೆಯಲ್ಲಿ ತೀರಿಕೊಂಡರು. ಈ ಕಾಯಿ ಹೋದರೆ ಅವರ ಬಳ್ಳಿಯೂ ಹೋದಂತೆ. ಆ ಚಿಂದಿ ಕೂಡ ಅವರ ಹಳೆಯ ಸೀರೆಯದೇ.

ನಮ್ಮ ನುಡಿಯ ಜಾಣತನ ನೋಡಿ: ಊರು ಬಿಟ್ಟ, ಆಸೆ ಬಿಟ್ಟ ಎನ್ನುವಾಗ ಕಳೆದುಕೊಳ್ಳುವ ‘ಬಿಡು’, ಹೂ ಬಿಟ್ಟಿತು, ಕಾಯಿ ಬಿಟ್ಟಿತು ಎನ್ನುವಾಗ ಕೈತುಂಬ ಕೊಡುತ್ತದೆ, ಬೀಜಕ್ಕೆ ಬಿಟ್ಟೆ ಎನ್ನುವಾಗ ಉಳಿಸಿಕೊಳ್ಳುತ್ತದೆ. ಶಾಂತೆ ದಿನವೂ ಬೆಳಿಗ್ಗೆ ಆ ಕಾಯಿಯನ್ನು ಮುಟ್ಟಿ ನೋಡುವಾಗ ನನಗೆ ಈ ಮೂರೂ ಅರ್ಥಗಳು ಒಟ್ಟಿಗೇ ನೆನಪಾಗುತ್ತಿದ್ದವು.

ಕೊನೆಗೂ ಮಳೆ ಹಿಂದೆಗೆದು ಬಿಸಿಲು ಬಿದ್ದ ಒಂದು ದಿನ, ನನ್ನ ಕನ್ನಡಕದ ಮುರಿದ ಕಾಲು, ಅವಳ ಕುಪ್ಪಸದ ಬಟ್ಟೆ, ಇವೆರಡರ ನೆಪದಲ್ಲಿ ಶಹಾಪುರಕ್ಕೆ ಹೋದೆವು. ಬಸ್ಸಿನ ಕಿಟಕಿಯಾಚೆ ಹತ್ತಿ ಒಡೆದಿತ್ತು, ಕಾಲುವೆಯ ಕೆಳಗೆ ಭತ್ತ ತೆನೆ ಬಾಗಿಸಿತ್ತು. ಬಿಸಿ ಮಿರ್ಚಿ ತಿಂದು ಹಾಯಾಗಿ ಮರಳಿದೆವು. ಬಂದು ನೋಡಿದರೆ ಹಿತ್ತಲಿಗೆ ಮಂಗಗಳ ದಂಡು ಬಂದುಹೋಗಿತ್ತು. ಗಿಡದಲ್ಲಿ ಒಂದೂ ಪೇರಲ ಉಳಿದಿರಲಿಲ್ಲ, ಚೆಂಡುಹೂವಿನ ಗಿಡಗಳು ನೆಲ ಹಿಡಿದಿದ್ದವು. ಶಾಂತೆ ಹಂದರದತ್ತ ಓಡಿದಳು. ಅದರ ಕೆಳಗೆ, ಗಿಡ್ಡ ಗೋಡೆ ದಾಟಿ ಬಂದಿದ್ದ ಪಕ್ಕದ ಮನೆಯ ಖೈರುನ್‌ಬಿ ಬಡಿಗೆ ಹಿಡಿದು ಕೂತಿದ್ದರು. ಕಾಯಿ ಇದ್ದಲ್ಲೇ ಇತ್ತು.

“ಅಂಜಬ್ಯಾಡ ಶಾಂತವ್ವ, ನಿನ್ನ ಮನ್ನತ್ ಉಳಿಸೀನಿ. ಯಾವ ದರ್ಗಾಕ್ಕ ಬೇಡ್ಕೊಂಡಿದ್ದಿ?”

ಹಸಿರು ಚಿಂದಿ ಕಂಡು ಅವರು ಅದನ್ನು ದರ್ಗಾಕ್ಕೆ ಹೊತ್ತ ಹರಕೆ ಎಂದುಕೊಂಡಿದ್ದರು! ನನಗೆ ನಗು ಬಂತು, ಶಾಂತೆಗೆ ಅಳು.

“ಮನ್ನತ್ ಅಲ್ಲ ಆಪಾ. ನಮ್ಮವ್ವನ ಹಿತ್ತಲದ್ದು. ಬೀಜಕ್ಕ ಬಿಟ್ಟೀನಿ.”

ಖೈರುನ್‌ಬಿ ಬಡಿಗೆ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕರು. “ಹಾಯ್ ಅಲ್ಲಾ! ಊಟಾ ಬಿಟ್ಟು ಹೀರೀಕಾಯಿ ಕಾಯ್ಕೋತ ಕುಂತೀನಲ್ಲ!” ಆಮೇಲೆ ಶಾಂತೆಯ ಕಣ್ಣೊರೆಸಿ ಮೆಲ್ಲಗೆ ಹೇಳಿದರು: “ಒಣಗಿದ ಮ್ಯಾಲ ನನಗೂ ನಾಕು ಬೀಜ ಕೊಡವ್ವ. ಇಲ್ಲಿ ಕೊಳತ್ರ ಅಲ್ಲಿ ಇರ್ತದ.”

ಇವತ್ತು ಕಾಯಿ ಇಳಿಸಿದೆವು. ಒಣಗಿ ಒಳಗೆ ಗಲಗಲ ಎನ್ನುತ್ತಿತ್ತು. ಶಾಂತೆ ಬೀಜ ಉದುರಿಸಿ, ಚಿಂದಿಯನ್ನು ಎರಡಾಗಿ ಹರಿದು ಎರಡು ಗಂಟು ಕಟ್ಟಿದಳು. ಒಂದನ್ನು ಗೋಡೆಯಾಚೆ ಕೊಡಲು ನನ್ನ ಕೈಗಿತ್ತಳು. ಹರಕೆ, ಮನ್ನತ್ ಎಂದರೆ ಜನ್ಮವಿಡೀ ಮೂಗು ಮುರಿದ ನಾನು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಆ ಹಸಿರು ಗಂಟನ್ನು ಕಣ್ಣಿಗೊತ್ತಿಕೊಂಡೆ.

ಗೋಡೆಯಾಚೆಯಿಂದ ಖೈರುನ್‌ಬಿಯ ದನಿ ಬಂತು: “ಮನ್ನತ್ ಅಲ್ಲ ಅಂದಿದ್ರಲ್ರೀ ಸರ?”