ಹಲ್ಲು ಕಡಿಯುವ ಗಾಡಿ

ಪುಟ್ಮಾದಣ್ಣ ಮೊದಲು ಹೊಡೆಯುತ್ತಿದ್ದ, ಆಮೇಲೆ ಮಾತಾಡುತ್ತಿದ್ದ. ಮೊದಲ ಏಟು ಗಾಡಿಯ ಸೀಟಿಗೆ, ಎರಡನೆಯದು ಗಾಡಿ ತಂದವನ ಬೆನ್ನಿಗೆ. ಚನ್ನಪಟ್ಟಣ ಬಿಟ್ಟು ರಾಮನಗರದ ಕಡೆ ಹೊರಟರೆ ರಸ್ತೆಯ ಎಡಕ್ಕೇ ಅವನ ಗ್ಯಾರೇಜು. ಅಲ್ಲಿ ಏಟು ತಿನ್ನದೆ ಬೈಕ್ ರಿಪೇರಿ ಮಾಡಿಸಿಕೊಂಡು ಹೋದ ಗಂಡಸು ಒಬ್ಬ ಪೋಸ್ಟ್‌ಮ್ಯಾನ್ ಮಾತ್ರ. ಅವನಿಗೂ ಒಮ್ಮೆ ಸ್ಪ್ಯಾನರ್ ಬೀಸಿದ್ದುಂಟು. ಗುರಿ ತಪ್ಪಿತು, ಅಷ್ಟೆ.

ಆದರೂ ಜನ ಬರುತ್ತಿದ್ದರು, ಅವನ ಕಿವಿಗಾಗಿ. ಬೇರೆಯವರು ಎಂಜಿನ್ ಬಿಚ್ಚಿ ಹುಡುಕುವುದನ್ನು ಇವನು ಕಣ್ಣು ಮುಚ್ಚಿ ಕೇಳಿಯೇ ಹೇಳುತ್ತಿದ್ದ. ಅಕ್ಕೂರಿನ ಪಂಪ್‌ಸೆಟ್ಟುಗಳ ಪಕ್ಕ ಕೂತು ಕಲಿತ ವಿದ್ಯೆ. ಗಾಡಿ ಇನ್ನೂ ರಸ್ತೆಯಲ್ಲಿರುವಾಗಲೇ ತಲೆ ಎತ್ತದೆ, “ಚೈನು ಸಾಯ್ತಾ ಐತೆ, ಇವನ್ಗೆ ಬುದ್ಧಿ ಇಲ್ಲ” ಅನ್ನುತ್ತಿದ್ದ. ಎರಡೂ ನಿಜವಾಗಿರುತ್ತಿದ್ದವು.

ನನಗಾಗ ಇಪ್ಪತ್ತೆರಡು. ಬಿಡದಿ ಕಡೆ ಅಣಬೆಯ ಹಾಗೆ ಎದ್ದ ಫ್ಯಾಕ್ಟರಿಗಳಲ್ಲೊಂದರಲ್ಲಿ ಪ್ಲಾಸ್ಟಿಕ್ ಮುಚ್ಚಳ ತಯಾರಿಸುವ ಕೆಲಸ. ಸೆಕೆಂಡ್ ಶಿಫ್ಟ್, ಹಾಗಾಗಿ ಬೆಳಿಗ್ಗೆಯೆಲ್ಲ ಗ್ಯಾರೇಜಿನ ಕಲ್ಲಿನ ಮೇಲೆ ಹರಟೆ. ಸೂಪರ್‌ವೈಸರ್, ಕಂಡಕ್ಟರ್, ಇನ್‌ಸ್ಪೆಕ್ಟರ್, ನಮ್ಮಪ್ಪ, ಯಾರ ಹಾಗೆ ಬೇಕಾದರೂ ಮಾತಾಡಬಲ್ಲೆ. ನನ್ನ ಹಾಗೆ ಮಾತಾಡು ಅಂದರೆ ಮಾತ್ರ ತಡವರಿಸುತ್ತಿದ್ದೆ.

ಬಂಕುಗಳಿಗೆ ಪ್ರೀಮಿಯಂ ಪೆಟ್ರೋಲ್ ಹೊಸದಾಗಿ ಬಂದಿತ್ತು. ಮೂರು ಜನರ ಕೈ ದಾಟಿ ಬಂದಿದ್ದ ನನ್ನ ನೂರು ಸಿಸಿ ಗಾಡಿಗೆ ಅದನ್ನು ತುಂಬಿಸಿ, ಮದುವೆ ಗಂಡಿನ ಗತ್ತಿನಲ್ಲಿ ಬಂದಿಳಿದೆ.

“ಪ್ರೀಮಿಯಂ ಕಣಣ್ಣ. ಹೈ ಆಕ್ಟೇನ್. ಪಿಕಪ್ ಬತ್ತದಂತೆ.”

ಸೀಟಿಗೊಂದು, ಬೆನ್ನಿಗೊಂದು ಬಿತ್ತು.

“ಹಲ್ಲು ಕಡೀತಾ ಐತೇನ್ಲಾ ನಿನ್ ಗಾಡಿ?”

ಎಂಜಿನ್ ನಾಕಿಂಗಿಗೆ ಅವನಿಟ್ಟ ಹೆಸರು ಅದು. ಭಾರ ಹೊತ್ತು ಏರು ಹತ್ತುವಾಗ ಪೆಟ್ರೋಲು ಹೊತ್ತಿಗೆ ಮುಂಚೆ ಹೊತ್ತಿಕೊಂಡರೆ ಒಳಗಿನಿಂದ ಕಿಣಿಕಿಣಿ ಎಂದು ಬರುವ ಸದ್ದು.

“ಇಲ್ಲಣ್ಣ.”

“ಮತ್ಯಾಕ್ಲಾ? ಆ ಪೆಟ್ರೋಲು ದುಡುಕಿ ಹತ್ಕಳಲ್ಲ, ತಾಳ್ಮೆ ಜಾಸ್ತಿ ಅದ್ಕೆ. ಅಷ್ಟೇಯ. ದೊಡ್ ಬೈಕಿನ ಬಿಗಿ ಎಂಜಿನ್‌ಗೆ ಬೇಕು ಅದು. ನಿನ್ ಡಕೋಟಾಗೆ ಹಾಕೋದು ಜ್ವರ ಇಲ್ದೋನ್ಗೆ ಮಾತ್ರೆ ನುಂಗ್ಸಿ ಓಡ್ಲಾ ಓಡ್ಲಾ ಅಂದಂಗೆ.”

“ತಾಳ್ಮೆ ಬರ್ಸದಾದ್ರೆ ನೀನೇ ಒಂದ್ ಲೀಟರ್ ಕುಡಿಯಣ್ಣ” ಅಂದೆ. ಮೂರನೆಯದು ಬಿತ್ತು.

ಮಾಗಡಿಯವನೊಬ್ಬ, ಪ್ರೀಮಿಯಂ ಹಾಕಿದ ಮೇಲೆ ಸಾವನದುರ್ಗದ ರಸ್ತೆಯಲ್ಲಿ ಗಾಡಿ ಹಾರಿತೆಂದು ಕೊಚ್ಚಿಕೊಂಡ. ಪುಟ್ಮಾದಣ್ಣ ಅವನ ಕೊರಳಪಟ್ಟಿ ಹಿಡಿದು, ಏರ್ ಫಿಲ್ಟರ್ ಬಿಚ್ಚಿ, ಅದರ ಧೂಳನ್ನೆಲ್ಲ ಅವನ ಬಿಳಿ ಶರ್ಟಿನ ಮೇಲೆ ಬಡಿದು ಕೊಡವಿದ. “ಮೊದ್ಲು ಇದ ತೊಳ್ಸು. ಆಮ್ಯಾಕೆ ಹಾರು.”

ಇಂಥ ಮನುಷ್ಯನ ಬಾಯಲ್ಲಿ ಒಂದೇ ಒಂದು ಸಲ “ಪ್ರೀಮಿಯಂ ಹಾಕ್ಸು” ಅನ್ನಿಸಬೇಕೆಂಬ ಹುಳ ನನ್ನ ತಲೆಗೆ ಹೊಕ್ಕಿತು.

ಆಗ ಬಂದವನು ಲೇಔಟ್ ಕಿಟ್ಟಿ. ರಾಗಿ ಹೊಲಗಳನ್ನೆಲ್ಲ ಸೈಟು ಮಾಡಿ ಮಾರಿಸುವ ಬ್ರೋಕರ್. ಕೈಯಲ್ಲಿ ಕಡಗ, ಹಿಂದೆ ಸದಾ ಇಬ್ಬರು, ಕೆಳಗೆ ಹೊಸ ದೊಡ್ಡ ಬೈಕು. ಪುಟ್ಮಾದಣ್ಣ ಅವನಿಗೂ ಸೀಟಿನ ಏಟನ್ನು ತಪ್ಪಿಸಲಿಲ್ಲ. ಬೆನ್ನಿನದನ್ನು ಕೊಡುವ ಮೊದಲೇ ಕಿಟ್ಟಿ, “ಇದ್ಕೆ ಪ್ರೀಮಿಯಂ ಬೇಕಾ ಬ್ಯಾಡ್ವಾ, ಕೇಳಿ ಹೇಳು” ಅಂದ.

ಕೇಳಬೇಕಾದರೆ ಪುಟ್ಮಾದಣ್ಣ ಹಿಂದೆ ಒಬ್ಬನನ್ನು ಕೂರಿಸಿಕೊಂಡು ಕೆರೆಯ ಏರು ಹತ್ತಿಸುತ್ತಿದ್ದ. ಮೂಟೆ ಬಿದ್ದರೆ ಎಂಜಿನ್ ನಿಜ ಹೇಳುತ್ತದೆ ಎಂಬುದು ಅವನ ನಂಬಿಕೆ. ಅವತ್ತಿನ ಮೂಟೆ ನಾನು. ಏರಿನ ಮಧ್ಯಕ್ಕೆ ಬಂದಾಗ ನಾಲಗೆಯನ್ನು ಹಲ್ಲಿನ ಹಿಂದಿಟ್ಟು, ಅವನ ಕಿವಿಗೆ ಗೇಣು ದೂರದಲ್ಲಿ, ಕಿಣಿಕಿಣಿ ಅನ್ನಿಸಿದೆ. ಅವನ ಬೆನ್ನು ನೆಟ್ಟಗಾಯಿತು. ಇಳಿಸಿ ಮತ್ತೊಮ್ಮೆ ಹತ್ತಿಸಿದ. ನಾನೂ ಮತ್ತೊಮ್ಮೆ ಕಡಿದೆ.

“ಹೊಸಾ ಗಾಡಿ ಕಡೀತೈತಲ್ಲಯ್ಯ,” ಅಂದ ಕಿಟ್ಟಿಗೆ, ನಾಲ್ಕು ಜನರ ಮುಂದೆ. “ಪ್ರೀಮಿಯಂ ಹಾಕ್ಸು.”

ಕಿಟ್ಟಿ ಹೋದ ಮೇಲೆ ಹೇಳಿ, ನಾಲ್ಕು ಏಟು ತಿಂದು, ನಗೋಣವೆಂದಿದ್ದೆ. ಆದರೆ ಪುಟ್ಮಾದಣ್ಣ ಎಷ್ಟು ಗಂಭೀರವಾಗಿ ಯೋಚಿಸುತ್ತ ಕೂತನೆಂದರೆ, ನಾಳೆ ಹೇಳೋಣ ಅನ್ನಿಸಿತು. ನಾಳೆಯೂ ಹಾಗೇ ಅನ್ನಿಸಿತು.

ಎರಡು ತಿಂಗಳ ಮೇಲೆ ಬೆಂಗಳೂರಿನ ಶೋರೂಮಿನವರು ಕಿಟ್ಟಿಯ ಗಾಡಿ ಪರೀಕ್ಷಿಸಿ, ಇದಕ್ಕೆ ನಾಕಿಂಗೇ ಇಲ್ಲ, ಯಾವ ಪುಣ್ಯಾತ್ಮ ಹೇಳಿದ್ದು ಎಂದು ನಕ್ಕರಂತೆ. ಕಿಟ್ಟಿ ಏನನ್ನಾದರೂ ಸಹಿಸುತ್ತಿದ್ದ, ತನ್ನನ್ನು ನೋಡಿ ನಗುವುದೊಂದನ್ನು ಬಿಟ್ಟು. ಮಟಮಟ ಮಧ್ಯಾಹ್ನ ಇಬ್ಬರನ್ನೂ ಕರೆದುಕೊಂಡು ಬಂದ.

“ಬಂಕಿನವ್ರು ಏನ್ ತಿನ್ನುಸ್ತಾವ್ರಲಾ ನಿಂಗೆ?” ಅಂದವನೇ, ಕೂತಿದ್ದ ಪುಟ್ಮಾದಣ್ಣನ ಎಡಗಿವಿಗೆ ಕಡಗದ ಕೈಯಿಂದ ಬಾರಿಸಿದ. ಇಬ್ಬರಲ್ಲಿ ಒಬ್ಬ ಮೂಲೆಯಲ್ಲಿದ್ದ ಹಳೇ ಸೈಲೆನ್ಸರ್ ಎತ್ತಿ ಹೆಗಲಿಗೆ ಇಳಿಸಿದ. ಇನ್ನೊಬ್ಬ ಮಂಡಿಗೆ ಒದ್ದ. ಪುಟ್ಮಾದಣ್ಣನ ಕೈಯಲ್ಲಿ ದೊಡ್ಡ ಸ್ಪ್ಯಾನರ್ ಇತ್ತು. ಈಗ ಬೀಸುತ್ತಾನೆ, ಈಗ ಒಬ್ಬನ ತಲೆ ಒಡೆಯುತ್ತದೆ ಅಂದುಕೊಂಡೆ. ಅವನು ಅದನ್ನು ನೆಲಕ್ಕೆ ಹಾಕಿಬಿಟ್ಟ.

“ಕಡೀತಿತ್ತು ಕಣಯ್ಯ. ಎರಡ್ ಸಲ ಹತ್ಸಿದೆ. ನನ್ ಕಿವೀಲೇ ಕೇಳ್ದೆ.”

ಸೈಲೆನ್ಸರ್ ಮತ್ತೆ ಇಳಿಯಿತು. ಪಕ್ಕೆಲುಬು ಮುರಿದ ಸದ್ದು ರಸ್ತೆಯ ಈಚೆಗೂ ಕೇಳಿಸಿತು. “ಕೇಳ್ದೆ ಕಣಯ್ಯ” ಅನ್ನುತ್ತಲೇ ಅವನು ಮಗುಚಿಬಿದ್ದ. ಕಿವಿಯಿಂದ ಇಳಿದ ರಕ್ತ ಕತ್ತಿನ ಗ್ರೀಸಿನ ಮೇಲೆ ನಿಲ್ಲದೆ ಜಾರುತ್ತಿತ್ತು.

ಎದುರಿನ ಟೀ ಅಂಗಡಿಯಲ್ಲಿ ನಾನು ಲೋಟ ಹಿಡಿದು ನಿಂತಿದ್ದೆ. ಇನ್‌ಸ್ಪೆಕ್ಟರ್ ಧ್ವನಿಯಲ್ಲಿ “ಏಯ್, ಯಾವನೋ ಅದು!” ಅಂದಿದ್ದರೆ ಮೂವರೂ ಚದುರುತ್ತಿದ್ದರು. ನನ್ನ ಧ್ವನಿಯಲ್ಲೇ ನಿಜ ಹೇಳಿದ್ದರಂತೂ ಆ ಸೈಲೆನ್ಸರ್ ನನ್ನ ಕಡೆ ತಿರುಗುತ್ತಿತ್ತು. ಊರಿನ ಧ್ವನಿಯೆಲ್ಲ ಗಂಟಲಲ್ಲಿಟ್ಟುಕೊಂಡವನಿಗೆ ಒಂದೂ ಹೊರಡಲಿಲ್ಲ. ಟೀ ಆರಿತ್ತು. ಆದರೂ ಕುಡಿದು ಮುಗಿಸಿದೆ.

ಎಡಗಿವಿಯ ತಮಟೆ ಹರಿದು ಹೋಯಿತು. ಬಲಗಿವಿ ಮೊದಲಿನಷ್ಟೇ ಚುರುಕಾಗಿತ್ತು, ಅವನು ಅದನ್ನು ನಂಬಲಿಲ್ಲ. ಇಲ್ಲದ ಸದ್ದನ್ನು ಕೇಳಿದ ಕಿವಿ ಅಲ್ಲವೇ. ಗಿರಾಕಿಗಳನ್ನೇ ಕೇಳತೊಡಗಿದ: “ಒಸಿ ನೀನೂ ಕೇಳ್ಲಾ. ಸದ್ದು ಬತ್ತಾ ಐತಾ, ಇಲ್ಲಾ ನಂಗೊಬ್ನಿಗೇ ಕೇಳುಸ್ತಾ ಐತಾ?” ಪ್ರೀಮಿಯಂ ಹಾಕಿಸಲಾ ಎಂದರೆ, “ಹಾಕ್ಸು. ಬ್ಯಾಡ ಬುಡು. ನಿಂಗೆಂಗೆ ಅನ್ಸುತ್ತೋ ಹಂಗ್ಮಾಡು” ಅನ್ನುತ್ತಿದ್ದ. ಜನ ಕಡಿಮೆಯಾದರು.

ಹೊಡೆಯುವುದನ್ನೂ ಬಿಟ್ಟ. ಒಂದು ದಿನ ಬೇಕೆಂದೇ ಅವನೆದುರೇ ಅವನ ಅಣಕ ಮಾಡಿದೆ, ಸೀಟಿಗೆ ಹೊಡೆದು, “ಕಡೀತಾ ಐತೇನ್ಲಾ” ಎಂದು ಕೂಗಿದೆ. ಬೆನ್ನು ಒಡ್ಡಿ ಕಾದೆ. “ಚೆನ್ನಾಗ್ ಮಾಡ್ತೀಯ ಕಣ್ಲಾ” ಅಂದ, ಅಷ್ಟೆ.

ನನ್ನದೊಂದು ಮಾತು ಅವನಿಗೆ ಅವನ ಬಲಗಿವಿಯನ್ನು ವಾಪಸ್ಸು ಕೊಡುತ್ತಿತ್ತು. ಅದು ನನಗೆ ಗೊತ್ತಿತ್ತು.

ಗ್ಯಾರೇಜ್ ಮುಚ್ಚಿ ಹೊರಟ ದಿನ ಹೋದೆ. ಕನಕಪುರದ ಕಡೆ ಯಾವುದೋ ಗ್ರಾನೈಟ್ ಫ್ಯಾಕ್ಟರಿಯ ಗೇಟಿನಲ್ಲಿ ಕೆಲಸ ಸಿಕ್ಕಿತ್ತು. “ಗೇಟ್ ತೆಗ್ಯೋದು, ಮುಚ್ಚೋದು. ಕೇಳಿಸ್ಕಳಾದೇನಿಲ್ಲ” ಅಂದ. ಗೂಡ್ಸ್ ಆಟೊಗೆ ಹೇರಿದ ಸಾಮಾನಿಗೆ ಹಗ್ಗ ಬಿಗಿಯುತ್ತಿದ್ದ. ಹೇಳಿಬಿಟ್ಟೆ.

“ಅಣ್ಣ, ಅವತ್ತು ಹಲ್ಲು ಕಡ್ದಿದ್ದು ಕಿಟ್ಟಿ ಗಾಡಿ ಅಲ್ಲ, ನಾನು. ನಿನ್ ಕಿವಿ ಸರಿಯಾಗೇ ಐತೆ.”

ಹಗ್ಗ ಬಿಗಿಯುತ್ತಲೇ ಇದ್ದ. ನನ್ನ ತುಟಿ ಆಡಿದ್ದು ಕಂಡಿರಬೇಕು, ತಿರುಗಿ ಬಲಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದ.

“ಏನ್ಲಾ ಅಂದೆ?”

“ಹುಷಾರಾಗ್ ಹೋಗು ಅಂದೆ ಕಣಣ್ಣ.”

“ಊಂ” ಅಂದು ಆಟೊ ಹತ್ತಿದ. ಆಮೇಲೆ ಅವನನ್ನು ನೋಡಿಲ್ಲ.

ಇದನ್ನು ಯಾರಿಗಾದರೂ ಹೇಳುವಾಗ, ಗಡಿಬಿಡಿಯಲ್ಲಿ ಅವನ ಎಡಗಡೆ ನಿಂತುಬಿಟ್ಟೆ ಅನ್ನುತ್ತೇನೆ. ಕೇಳಿದವರು ಅಯ್ಯೋ ಪಾಪ ಅನ್ನುತ್ತಾರೆ. ನಾನು ಹೋದಾಗ ನಿಂತಿದ್ದು ಅವನ ಬಲಗಡೆಗೇ. ಹೇಳುವ ಮೊದಲು ಆಟೊವನ್ನು ಬಳಸಿಕೊಂಡು ಅವನ ಎಡಗಡೆಗೆ ಹೋದೆ.