ಅಲುಗಾಡದೆ ನಿಂತ ದಿನ

ನಾನು ಚಿಕ್ಕವಳಿದ್ದಾಗ ಒಮ್ಮೆ ಒಂದು ಸೀನನ್ನು ಮೂಗಿನಲ್ಲೇ ಹಿಡಿದು ನಿಲ್ಲಿಸಿದ್ದೆ. ನಗಬೇಡಿ. ಆ ಸೀನು ಬೇಗ ಬಂದಿದ್ದರೆ ನಮ್ಮ ಅಕ್ಕನ ಓದು ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಕೂದಲು ಇನ್ನೂ ಕಪ್ಪಗಿದೆ, ಆದರೂ ನಾನು ನಿಮಗೆ ಅಜ್ಜಿಯೇ. ನಮ್ಮ ದೊಡ್ಡಪ್ಪನ ಮಗನ ಮೊಮ್ಮಕ್ಕಳು ನೀವು. ವರಸೆ ಅಂದರೆ ವರಸೆ.

ಆಗ ನಾವು ಸಂಡೂರಿನ ಹತ್ತಿರ ಯಶವಂತನಗರದಲ್ಲಿದ್ದೆವು. ಅಪ್ಪ ಒಂದು ಗಣಿ ಕಂಪನಿಯಲ್ಲಿ ಲಾರಿಗಳಿಗೆ ಅದಿರು ತುಂಬುವ ಕೆಲಸಕ್ಕಿದ್ದ. ಅಂಗಳ, ತುಳಸಿ ಎಲೆ, ಒಣಹಾಕಿದ ಬಟ್ಟೆ, ಎಲ್ಲದರ ಮೇಲೂ ಕೆಂಪು ಧೂಳು. ಸಂಡೂರಿನ ಹೈಸ್ಕೂಲಿಗೆ ನಮ್ಮ ಕಾಲೋನಿಯ ಮಕ್ಕಳನ್ನು ಕಂಪನಿಯ ಬಸ್ಸು ಕರೆದೊಯ್ಯುತ್ತಿತ್ತು. ಆ ವರ್ಷ ಬೇಸಿಗೆ ರಜೆ ಮುಗಿದು ಶಾಲೆ ತೆರೆದರೂ ಬಸ್ಸು ಬರಲಿಲ್ಲ. ಕೇಳಲು ಹೋದವರಿಗೆಲ್ಲ ಮ್ಯಾನೇಜರು "ನೋಡೋಣ" ಅಂದು ಕಳಿಸಿದರು. ಹುಡುಗರು ಅದಿರಿನ ಲಾರಿ ಹತ್ತಿಕೊಂಡು ಹೋದರು. ಹುಡುಗಿಯರನ್ನು ಲಾರಿಗೆ ಹತ್ತಿಸುವವರು ಯಾರು? ಹತ್ತನೇ ಕ್ಲಾಸಿನ ಅಕ್ಕ ಮನೆಯಲ್ಲಿ ಕೂತು ಜೋಳದ ರೊಟ್ಟಿ ಬಡಿಯತೊಡಗಿದಳು. ಸಿಟ್ಟನ್ನೆಲ್ಲ ರೊಟ್ಟಿಯ ಮೇಲೆ ತೀರಿಸಿಕೊಳ್ಳುತ್ತಿದ್ದಳು. ನಾನೂ ಹೈಸ್ಕೂಲಿಗೆ ಬಂದರೆ ಮುಂದಿನ ಸರದಿ ನನ್ನದು ಅಂತ ನನಗೆ ಗೊತ್ತಿತ್ತು.

ಅಷ್ಟರಲ್ಲಿ ಕಂಪನಿಯ ಆಫೀಸಿಗೆ ಒಂದು ಹೊಸ ಕಂಪ್ಯೂಟರ್ ಬಂತು. ಅದರ ಮುಂದೆ ನಿಂತು ಮಾತಾಡಿದರೆ ಹೊಸಪೇಟೆಯ ದೊಡ್ಡ ಆಫೀಸಿನಲ್ಲಿ ನಮ್ಮ ಮುಖವೂ ಕಾಣುತ್ತದೆ, ಮಾತೂ ಕೇಳುತ್ತದೆ ಅಂದರು. ನಾವು ಟಿವಿ ನೋಡಿದ್ದೆವು, ಆದರೆ ಟಿವಿ ನಮ್ಮನ್ನು ನೋಡಿದ್ದು ಯಾವತ್ತೂ ಇಲ್ಲ. ಉದ್ಘಾಟನೆಯ ದಿನ ಹೊಸಪೇಟೆಯಲ್ಲಿ ದೊಡ್ಡ ಸಾಹೇಬರು ಕೂರುವುದು, ಇಲ್ಲಿ ಕೆಲಸಗಾರರ ಕುಟುಂಬಗಳು ಸಾಲಾಗಿ ನಿಲ್ಲುವುದು, ಒಬ್ಬ ಹುಡುಗಿ ಸ್ವಾಗತ ಹೇಳುವುದು ಅಂತ ಏರ್ಪಾಡಾಯಿತು. ಕಾಲೋನಿಯಲ್ಲಿ ಸ್ಪಷ್ಟವಾಗಿ ಮಾತಾಡುವವಳು ಅಕ್ಕನೇ. ಬಸ್ಸು ನಿಲ್ಲಿಸಿದ ಮ್ಯಾನೇಜರೇ ಅವಳಿಗೆ ಹೇಳಿ ಕಳಿಸಿದರು. ಅಕ್ಕ ಒಂದೇ ಮಾತಿಗೆ ಒಪ್ಪಿದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಆ ದಿನ ಆಫೀಸಿನ ತುಂಬ ಊದಿನಕಡ್ಡಿಯ ಹೊಗೆ, ಹೊಸ ಪ್ಲಾಸ್ಟಿಕ್ಕಿನ ವಾಸನೆ. ಕಂಪ್ಯೂಟರಿಗೆ ಚೆಂಡುಹೂವಿನ ಹಾರ ಹಾಕಿ, ಕಾಯಿ ಒಡೆದು ಪೂಜೆ ಮಾಡಿದರು. ಪೂಜೆಗೆ ಬಂದ ಅಯ್ಯನವರು ಭಕ್ತಿಯಿಂದ ಕಂಪ್ಯೂಟರಿನ ಮೇಲಿದ್ದ ಕ್ಯಾಮೆರಾದ ಗಾಜಿಗೂ ವಿಭೂತಿ ಎಳೆದುಬಿಟ್ಟರು. "ಏನೂ ಕಾಣವಲ್ದು, ಬರೇ ಮಂಜು" ಅಂತ ಹೊಸಪೇಟೆಯಿಂದ ದನಿ ಬಂತು. ಯಂತ್ರ ಕೂಡಿಸಲು ಬಂದಿದ್ದ ಎಂಜಿನಿಯರ್ ಅಂಗಿಯ ಚುಂಗಿನಿಂದ ಒರೆಸಿದ.

ಮೊದಲು ಮ್ಯಾನೇಜರು ಕೈ ಬೀಸಿ ಬೀಸಿ ಭಾಷಣ ಮಾಡಿದರು. ಆ ಕಡೆಯವರಿಗೆ ಒಂದು ಮಾತೂ ತಿಳಿಯಲಿಲ್ಲ. ಎಂಜಿನಿಯರ್ ಫ್ಯಾನು ನಿಲ್ಲಿಸಿ ಎಲ್ಲರಿಗೂ ಹೇಳಿದ: "ಇದು ಟೆಲಿಫೋನ್ ತಂತಿ ಐತ್ರಿ. ಚಿತ್ರನೂ ಇದರಾಗ ಹೋಗ್ಬೇಕು, ಮಾತೂ ಇದರಾಗ ಹೋಗ್ಬೇಕು. ನೀವು ಅಲುಗಾಡಿದ್ರ ತಂತಿ ತುಂಬ ಚಿತ್ರನ ತುಂಬಿಕೊಂಡು ಮಾತಿಗೆ ದಾರಿ ಇರಂಗಿಲ್ಲ. ಫೋಟೋಕ್ಕ ನಿಂತಂಗ ನಿಂದ್ರಿ."

ಅಕ್ಕ ಮುಂದೆ ಹೋಗಿ ಕೈ ಮುಗಿದಳು. "ನಮಸ್ಕಾರ್ರಿ ಸಾಹೇಬ್ರ. ನಮ್ಮ ಸಾಲಿ ಬಸ್ಸು ನಿಂತೈತ್ರಿ. ಹೆಣ್ಣುಹುಡುಗೂರೆಲ್ಲ ಮನ್ಯಾಗ ಕುಂತೀವಿ."

ಮ್ಯಾನೇಜರ ಮುಖ ಅದಿರಿನ ಬಣ್ಣಕ್ಕೆ ತಿರುಗಿತು. "ಸಾಕು, ಸಾಕು" ಅಂತ ಕೈ ಬೀಸುತ್ತಾ ಕ್ಯಾಮೆರಾದ ಮುಂದೆ ಬಂದರು. ಆ ಕಡೆಯಿಂದ "ಏನಂದ್ರಿ? ಕೇಳ್ಸವಲ್ದು" ಅಂದರು. ಅಕ್ಕ ತಿರುಗಿಯೂ ನೋಡದೆ, "ಅಲುಗಾಡಬ್ಯಾಡ್ರಿ ಮ್ಯಾನೇಜರ್ ಸಾಹೇಬ್ರ, ಮಾತಿಗೆ ದಾರಿ ಬಿಡ್ರಿ" ಅಂದಳು.

ಯಾರೋ ಕಿಸಕ್ಕನೆ ನಕ್ಕರು. ಮ್ಯಾನೇಜರು ಪಕ್ಕಕ್ಕೆ ಸರಿದು ಅಪ್ಪನ ಹತ್ತಿರ ಬಂದು ಹಲ್ಲು ಕಡಿದರು. "ನಿನ್ನ ಮಗಳನ್ನ ಈಚೆ ಎಳಕೋ. ನಾಳೆ ಕೆಲಸಕ್ಕ ಬರೋದು ಐತೋ ಇಲ್ಲೋ?"

ಅಪ್ಪ ಆಫೀಸಿನ ಜವಾನನಿಗೂ ಕೈ ಮುಗಿಯುವ ಮನುಷ್ಯ. ಹೋಗಿ ಅಕ್ಕನ ರಟ್ಟೆ ಹಿಡಿಯುತ್ತಾನೆ ಅಂತಲೇ ನಾನು ತಿಳಿದೆ, ನನಗೆ ಅಳು ಬಂತು. ಅಪ್ಪ ಮ್ಯಾನೇಜರನ್ನು ಒಮ್ಮೆ ನೋಡಿದ. ಆಮೇಲೆ ಮುಖವನ್ನು ಕ್ಯಾಮೆರಾದ ಕಡೆ ಮಾಡಿ, ಕೈ ಎರಡೂ ಇಳಿಬಿಟ್ಟು ಸುಮ್ಮನೆ ನಿಂತ. ಅಪ್ಪ ಅಲುಗಾಡಲಿಲ್ಲ. ಅವನನ್ನು ನೋಡಿ ಪಕ್ಕದವರೂ ಹಾಗೇ ನಿಂತರು, ಹಿಂದಿನ ಸಾಲಿನ ಹೆಂಗಸರೂ ನಿಂತರು, ಕಂಕುಳ ಕೂಸುಗಳ ಕೈ ಹಿಡಿದುಕೊಂಡು ನಿಂತರು. ಫ್ಯಾನು ನಿಂತ ಕೋಣೆಯಲ್ಲಿ ಬೆವರು ಇಳಿಯುತ್ತಿದ್ದರೂ ಒಬ್ಬರೂ ಒರೆಸಿಕೊಳ್ಳಲಿಲ್ಲ. ನನ್ನ ಮೂಗಿಗೆ ಊದಿನಕಡ್ಡಿಯ ಹೊಗೆ ಸೇರಿದ್ದು ಆಗಲೇ. ಸತ್ತರೂ ಸೀನುವುದಿಲ್ಲ ಅಂತ ಹಟ ಹಿಡಿದೆ.

ಅಕ್ಕ ಮೊದಲಿಂದ ಪೂರ್ತಿ ಹೇಳಿದಳು. ಪರದೆಯ ಮೇಲೆ ಅಂಚೆಚೀಟಿಯಷ್ಟು ಕಾಣುತ್ತಿದ್ದ ದೊಡ್ಡ ಸಾಹೇಬರ ತುಟಿ ಮೊದಲು ಅಲುಗಾಡಿತು, ಮಾತು ತಡವಾಗಿ ಬಂತು. "ಬಸ್ಸು ನಿಂತಿದ್ದು ನನಗ ಯಾರೂ ಹೇಳಿಲ್ಲವ್ವ. ಸೋಮವಾರದಿಂದ ಬರ್ತೈತಿ, ಸಾಲಿಗೆ ಹೋಗು."

ನಾನು ಸೀನಿದೆ. ಎಲ್ಲರೂ ಹೋ ಅಂತ ನಕ್ಕು ಕದಲಿದರು.

ಸೋಮವಾರ ಬಸ್ಸು ಬಂತು. ಅಪ್ಪನ ಕೆಲಸ ಉಳಿಯಿತು, ಆದರೆ ಮ್ಯಾನೇಜರು ಅವನನ್ನು ನೆರಳೇ ಇಲ್ಲದ ಕಡೆ ಕೆಲಸಕ್ಕೆ ಹಾಕಿದರು. ಅಪ್ಪ ಕ್ಯಾರೇ ಅನ್ನಲಿಲ್ಲ. ಸಂಜೆ ಬಸ್ಸು ಬರುವ ಹೊತ್ತಿಗೆ ರಸ್ತೆಗೆ ಬಂದು ನಿಲ್ಲುತ್ತಿದ್ದ.

ಈಗ ನೀವು ಫೋನು ಹಿಡಿದು ಮನೆ ತುಂಬ ಓಡುತ್ತಾ ಮಾತಾಡುತ್ತೀರಿ. ಅರ್ಧ ಹೊತ್ತು ನಮಗೆ ನಿಮ್ಮ ಫ್ಯಾನು, ಇನ್ನರ್ಧ ಹೊತ್ತು ನಿಮ್ಮ ಮೂಗಿನ ಹೊಳ್ಳೆ ಕಾಣುತ್ತದೆ. ಕುಣಿಯಿರಿ, ಈಗ ದಾರಿ ಅಗಲವಾಗಿದೆ. ಆದರೆ ಕಂಪ್ಲಿಯಲ್ಲಿ ಹೈಸ್ಕೂಲು ಟೀಚರಾಗಿರುವ ನನ್ನ ಅಕ್ಕ, ನಿಮ್ಮ ದೊಡ್ಡಜ್ಜಿ, ವಿಡಿಯೋ ಕಾಲಿಗೆ ಬಂದಾಗ ತೊಡೆಯ ಮೇಲೆ ಕೈಯಿಟ್ಟು ರೆಪ್ಪೆ ಸಹ ಬಡಿಯದೆ ಕೂರುತ್ತಾಳಲ್ಲ, ಆಗ ನೀವು "ದೊಡ್ಡಜ್ಜಿ ಹ್ಯಾಂಗ್ ಆದ್ಲು" ಅಂತ ಕೂಗಿ ಫೋನು ಕುಟ್ಟಬೇಡಿ. ನೆಟ್‌ವರ್ಕ್ ಸರಿಯಾಗೇ ಇದೆ. ಅವಳು ಮಾತಿಗೆ ದಾರಿ ಬಿಟ್ಟು ಕೂತಿದ್ದಾಳೆ.